ಕಾಡಿನೊಳಗೆ ಮೂರು ತುತ್ತೂರಿ

ತಾರ್ತು, ಎಸ್ಟೋನಿಯಾ
ಶನಿವಾರ, 17 ಆಗಸ್ಟ್ 2024

ಅಂತೂ ಇವತ್ತು ಪಾಹ್ನಿ ಕಾಡಿಗೆ ಹೋಗಿಬಂದೆವು. ವೋರು ಊರು ದಾಟಿ ಲಾಟ್ವಿಯಾ ಗಡಿಯ ಕಡೆ ಹೊರಟರೆ ಎರಡೂ ಬದಿ ಪೈನ್, ಸ್ಪ್ರೂಸ್, ಮತ್ತೆ ಪೈನ್. ಈ ದೇಶದ ಅರ್ಧ ನೆಲ ಕಾಡು ಎನ್ನುವುದನ್ನು ನಂಬದವರು ಈ ದಾರಿಯಲ್ಲಿ ಬರಬೇಕು. ಕಾರಿಳಿದ ಕೂಡಲೇ ಸೊಳ್ಳೆ ಮುತ್ತಿದವು. ಇವರ ಗೊಣಗಾಟ ಶುರುವಾಯಿತು.

ನೋಡಲು ಹೋಗಿದ್ದು ‘ರೂಪ್’. ಮರದ ಹಲಗೆಯಲ್ಲಿ ಕಟ್ಟಿದ ಮೂರು ಭಾರೀ ತುತ್ತೂರಿಗಳು, ಬಾಯಿಯ ಅಗಲವೇ 3 ಮೀಟರ್. ಒಳಗೆ ಹತ್ತಿ ಕೂರಬಹುದು, ಚಾರಣಿಗರು ರಾತ್ರಿ ಮಲಗಲೂಬಹುದು. ಎಸ್ಟೋನಿಯನ್ ಕಲಾ ಅಕಾಡೆಮಿಯಲ್ಲಿ ಒಳಾಂಗಣ ವಾಸ್ತುಶಿಲ್ಪ ಓದುತ್ತಿದ್ದ ಹುಡುಗ ಹುಡುಗಿಯರು 2015ರ ಸೆಪ್ಟೆಂಬರಿನಲ್ಲಿ ಇವನ್ನು ಇಲ್ಲಿ ನಿಲ್ಲಿಸಿದ್ದು. ಸ್ಪೀಕರ್ ಇಲ್ಲ, ಕರೆಂಟ್ ಇಲ್ಲ. ಕಾಡಿನ ಸದ್ದು ಕೇಳಿಸಿಕೊಳ್ಳಲಿ, ಬೇಕಾದರೆ ಸಣ್ಣ ಸಂಗೀತ ಕಛೇರಿಯನ್ನೂ ಮಾಡಲಿ ಎಂಬ ಉದ್ದೇಶ. ಕಾಲೇಜಿನ ಮಾಡೆಲ್‌ಗಳು ಮಾರ್ಕ್ಸ್ ಬಂದ ಮೇಲೆ ಅಟ್ಟ ಸೇರುವುದನ್ನೇ ನೋಡಿದವಳು ನಾನು. ಇಲ್ಲಿ ಮಳೆ, ಹಿಮ ಎಲ್ಲದರಲ್ಲೂ ನೆನೆದು ನಿಂತಿದ್ದರೂ ಜನ ಬಂದು ಬಳಸುತ್ತಿದ್ದಾರೆ.

ಮೂರೂ ಕಡೆಯ ಸದ್ದು ನಟ್ಟನಡುವೆ ನಿಂತವರ ಕಿವಿಯಲ್ಲಿ ಕೂಡಬೇಕು, ಅದಕ್ಕೆ ತಕ್ಕಂತೆ ದೂರ, ಕೋನ ಎಲ್ಲ ಲೆಕ್ಕ ಹಾಕಿ ಇಟ್ಟಿದ್ದಾರಂತೆ. ನಿಜ ಹೇಳಬೇಕೆಂದರೆ ನಡುವೆ ನಿಂತಾಗ ನನಗೆ ಅಂಥ ವಿಶೇಷವೇನೂ ಕೇಳಲಿಲ್ಲ. ಒಳಗೆ ಹೋಗಿ ಇಳಿಜಾರು ಹಲಗೆಗೆ ಬೆನ್ನು ಕೊಟ್ಟು ಕೂತಾಗ ಗೊತ್ತಾಯಿತು. ಬೆನ್ನ ಹಿಂದಿನ ಕಾಡು ಅಳಿಸಿಹೋಗಿ ಎದುರಿನದಷ್ಟೇ ಉಳಿಯುತ್ತದೆ. ಎಲ್ಲೋ ಒಣಗಿದ ಕಡ್ಡಿ ಮುರಿದರೂ ಪಕ್ಕದಲ್ಲೇ ಮುರಿದಂತೆ.

ಆಫೀಸಿನ ಗೆಳತಿಯೊಬ್ಬಳು ಜೊತೆಗೆ ಬಂದಿದ್ದಳು. ಅವಳ ಅಜ್ಜಿ ಸೆಟೊ ಜನ, ಅಂದರೆ ಎಸ್ಟೋನಿಯಾದ ಆಗ್ನೇಯ ಮೂಲೆಯ ಒಂದು ಸಣ್ಣ ಸಮುದಾಯದವರು. ಅವರ ‘ಲೀಲೊ’ ಹಾಡಿಕೆ 2009ರಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ. ಒಬ್ಬಾಕೆ ಸಾಲು ಎತ್ತುತ್ತಾಳೆ, ಸಾಲಿನ ಬಾಲ ಹಿಡಿದು ಉಳಿದವರು ಸೇರಿಕೊಂಡು ಇಡೀ ಸಾಲನ್ನು ಮತ್ತೆ ಹೇಳುತ್ತಾರೆ. ಅದರ ಮೇಲೆ ‘ಕಿಲ್ಲೊ’ ಎಂಬ ಒಂಟಿ ಏರುದನಿ. ಗೆಳತಿ ಎತ್ತಿದಳು, ನಾವಿಬ್ಬರೂ ತೋಚಿದಂತೆ ದನಿಗೂಡಿಸಿದೆವು. ಒಳಗೆ ಕಿರುಚುವ ಅಗತ್ಯವೇ ಇಲ್ಲ. ಜೋರಾಗಿ ಹಾಡಿದರೆ ನಮ್ಮ ದನಿ ನಮಗೇ ರಾಚುತ್ತದೆ. ತಗ್ಗಿಸಿದರೆ ಹಲಗೆಗಳೇ ತುಂಬಿಕೊಡುತ್ತವೆ. ಮೂವರು ಹಾಡಿದ್ದು ಆರೇಳು ಜನರ ಮೇಳದಂತೆ ಕೇಳಿತು.

ನನ್ನ ಸರದಿ ಬಂದಾಗ ಸೋಬಾನೆ ಪದ ಎತ್ತಿಕೊಂಡೆ. ಸಾಲಿನ ಕೊನೆಗೆ ‘ಸೋ’ ಎನ್ನುವುದು ಅವಳಿಗೆ ತಕ್ಷಣ ಬಂತು, ಇವರಿಗಿಂತ ಬೇಗ.

ಫೋನಿನಲ್ಲಿ ರೆಕಾರ್ಡ್ ಮಾಡಿದ್ದನ್ನು ಅಮ್ಮನಿಗೆ ಕಳಿಸಿದೆ. “ಬಚ್ಚಲುಮನೇಲಿ ಹಾಡ್ದಂಗಿದೆ, ಅದ್ಯಾಕೆ ಅಷ್ಟು ದೂರ ಹೋದ್ರಿ?” ಎಂದು ಉತ್ತರ ಬಂದಿದೆ.