ಹನ್ನೊಂದನೇ ದಿನ, ಮಂಚದ ಅಂಚಿನಲ್ಲಿ

ಬೆಳಿಗ್ಗೆ ಎಂಟೂವರೆಗೆ ಐಸಿಯುವಿನ ಐದನೇ ಬೆಡ್‌ನ ಚಾರ್ಟ್ ತೆಗೆದರೆ ರಾತ್ರಿ ಪಾಳಿಯ ಸಿಸ್ಟರ್ ಬರೆದ ಒಂದು ಸಾಲು ಕಂಡಿತು: ನಾರ್‌ಅಡ್ರಿನಲಿನ್ ನಿನ್ನೆ ಸಂಜೆ ಆರಕ್ಕೆ ಬಂದ್, ಆಮೇಲೆ ಬಿಪಿ ಇಳಿದಿಲ್ಲ. ಬಿಪಿ ಹಿಡಿದಿಡುವ ಆ ಮದ್ದು ನಿಲ್ಲಲೆಂದು ಫಿಸಿಯೋಗಳು, ಅಂದರೆ ವ್ಯಾಯಾಮ ಚಿಕಿತ್ಸೆಯ ನಾವು, ಕಾಯುತ್ತಿದ್ದ ಸಾಲು ಅದು. ಇವತ್ತು ಕೂರಿಸಬಹುದು.

ರೋಗಿ ಹಾವೇರಿ ಕಡೆಯ ರೈತ, ಮೂವತ್ತು ದಾಟಿದ ಆಳು. ಬೆಳೆಗೆ ಹೊಡೆಯುವ ಎಣ್ಣೆ ಮೈಗೆ ಸೇರಿ ಬಂದವರು. ಹೇಗೆ ಸೇರಿತು ಎನ್ನುವುದು ಫಿಸಿಯೋ ಕೇಳುವ ಪ್ರಶ್ನೆಯಲ್ಲ. ಇಂಥ ಕೀಟನಾಶಕಗಳ ಆರ್ಗನೋಫಾಸ್ಫೇಟ್ ವಿಷ ನಮ್ಮ ಕಡೆಯ ಐಸಿಯುಗಳಿಗೆ ಹೊಸದಲ್ಲ. ಮೊದಲ ದಿನದ ಜೊಲ್ಲು, ಕಫ, ಸಣ್ಣಗಾದ ಪಾಪೆ ಎಲ್ಲ ಅಟ್ರೋಪಿನ್ ಮದ್ದಿಗೆ ತಹಬಂದಿಗೆ ಬರುತ್ತವೆ. ಮನೆಯವರು ಇನ್ನೇನು ಗಂಡಾಂತರ ಕಳೆಯಿತು ಎನ್ನುವಷ್ಟರಲ್ಲಿ, ಸಾಮಾನ್ಯವಾಗಿ 24ರಿಂದ 96 ಗಂಟೆಗಳ ನಡುವೆ, ಕೆಲವರಿಗೆ ಗೋಣು ಎತ್ತಲಾಗುವುದಿಲ್ಲ. ಹಿಂದೆಯೇ ಭುಜ, ತೊಡೆ, ಕಡೆಗೆ ಉಸಿರಾಟದ ಸ್ನಾಯುಗಳೂ ಸೋಲುತ್ತವೆ. ಶ್ರೀಲಂಕಾದ ವೈದ್ಯರು 1987ರಲ್ಲಿ ಇದನ್ನು ಬೇರೆಯೇ ಹಂತವೆಂದು ಗುರುತಿಸಿದರು. ಇವರಿಗೂ ಮೂರನೇ ದಿನ ಹಾಗೇ ಆಗಿ ವೆಂಟಿಲೇಟರ್ ಹಾಕಬೇಕಾಯಿತು, ಎಂಟನೇ ದಿನ ಟ್ರೇಕಿಯಾಸ್ಟಮಿ, ಅಂದರೆ ಗಂಟಲಿಗೆ ರಂಧ್ರ ಮಾಡಿ ಉಸಿರಿನ ಕೊಳವೆ ಇಡುವುದು. ವಿಷ ತಂದ ಬಲಹೀನತೆಯ ಮೇಲೆ ಮಲಗಿದ್ದರಿಂದ ಬಂದದ್ದು ಬೇರೆ. ಲಂಡನ್ನಿನಲ್ಲಿ ಐಸಿಯು ರೋಗಿಗಳ ತೊಡೆಯ ಸ್ನಾಯುವನ್ನು ಅಲ್ಟ್ರಾಸೌಂಡಿನಲ್ಲಿ ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತು ದಿನಕ್ಕೆ ಅದರ ಅಡ್ಡಕೊಯ್ತದ ವಿಸ್ತೀರ್ಣ ಸರಾಸರಿ 17.7% ಇಳಿದಿತ್ತು. ಹೊದಿಕೆ ಸರಿಸಿ ತೊಡೆ ಮುಟ್ಟಿದರೆ ಅಂಕಿ ಬೇಡ, ಕೈಗೇ ತಿಳಿಯುತ್ತದೆ.

ಕೂರಿಸುವ ಮೊದಲು ಎಚ್ಚರ ಎಷ್ಟಿದೆ, ಹೇಳಿದ್ದು ತಿಳಿಯುತ್ತದೆಯೇ ಎಂದು ನೋಡಬೇಕು. ಅದಕ್ಕೆ ಐದು ಸಣ್ಣ ಆಜ್ಞೆಗಳಿವೆ: ಕಣ್ಣು ತೆರೆದು ಮುಚ್ಚು, ನನ್ನನ್ನು ನೋಡು, ಬಾಯಿ ತೆರೆದು ನಾಲಿಗೆ ಚಾಚು, ತಲೆಯಾಡಿಸು, ಐದು ಎಣಿಸಿದ ಮೇಲೆ ಹುಬ್ಬೇರಿಸು. ಹಿಂದಿನ ದಿನದ ಚಾರ್ಟಿನಲ್ಲಿ ಐದಕ್ಕೆ ಎರಡು ಎಂದಿತ್ತು. ಗೊಂದಲದಲ್ಲಿದ್ದಾರೆ ಅಂದುಕೊಂಡಿದ್ದೆವು, ಅಟ್ರೋಪಿನ್ ಹೆಚ್ಚಾದರೂ ಹಾಗಾಗುತ್ತದೆ. ಇವತ್ತು ಧಾರವಾಡ ಕಡೆಯ ಸಿಸ್ಟರ್ ಪಕ್ಕದಲ್ಲಿ ನಿಂತು, "ಅಣ್ಣಾರ, ಕಣ್ ತಗೀರಿ. ಇಲ್ಲಿ ನೋಡ್ರಿ. ನಾಲಿಗಿ ಹೊರಗ ಹಾಕ್ರಿ. ಗೋಣ ಅಲ್ಲಾಡಸ್ರಿ. ಈಗ ನಾ ಐದ್ ಎಣಸ್ತೀನಿ, ಆಮ್ಯಾಲೆ ಹುಬ್ಬ ಏರಸ್ರಿ" ಎಂದರು. ಐದಕ್ಕೆ ಐದು. ಪುಸ್ತಕದ ಕನ್ನಡದಲ್ಲಿ ಒದರಿ ಕೇಳಿದ್ದು ಹನ್ನೊಂದು ದಿನ ಮಲಗಿದ ಮನುಷ್ಯನ ಕಿವಿಗೆ ತಲುಪಿರಲೇ ಇಲ್ಲ. ಆ ಎರಡು ಅಂಕ ಅವರದಲ್ಲ, ನಮ್ಮ ಭಾಷೆಯದು.

ಆಮೇಲೆ ಸ್ನಾಯುಬಲ. ಎರಡೂ ಬದಿ ಸೇರಿ 12 ಗುಂಪು, ತಲಾ 0ಯಿಂದ 5, ಒಟ್ಟು 60. ಮೊತ್ತ 48ಕ್ಕಿಂತ ಕೆಳಗಿದ್ದರೆ ಐಸಿಯು ಬಲಹೀನತೆ ಎನ್ನುತ್ತೇವೆ. ಇವರದು ಭುಜ 2, ಮೊಣಕೈ 3, ಮಣಿಕಟ್ಟು 4, ಸೊಂಟದ ಕೀಲು 2, ಮೊಣಕಾಲು 3, ಪಾದ 4, ಎಡಬಲ ಒಂದೇ. ಒಟ್ಟು 36. ಮೈಗೆ ಹತ್ತಿರದ ಸ್ನಾಯು ಸೋತಿದೆ, ತುದಿಯದು ಗಟ್ಟಿಯಿದೆ. ಆ ಪಾದದ 4 ಅನ್ನು ದಪ್ಪಕ್ಷರದಲ್ಲಿ ಬರೆದಿಟ್ಟೆವು. ಕಾರಣ ಕಡೆಗೆ ಬರುತ್ತದೆ.

ವೆಂಟಿಲೇಟರ್‌ನಲ್ಲಿ ಆಕ್ಸಿಜನ್ 40%, ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) 5, ರಕ್ತದ ಆಕ್ಸಿಜನ್ ಸ್ಯಾಚುರೇಷನ್ 97, ಉಸಿರು ನಿಮಿಷಕ್ಕೆ 22. ಎಲ್ಲ ಮಿತಿಯೊಳಗೆ. ನಾಡಿ ಮಾತ್ರ 112, ಯಾಕೆಂದರೆ ಅಟ್ರೋಪಿನ್ ಇನ್ನೂ ಸ್ವಲ್ಪ ಹೋಗುತ್ತಿತ್ತು. 140 ದಾಟಿದರೆ ಮಲಗಿಸುವುದೆಂದು ಡಾಕ್ಟರ ಜೊತೆ ಮೊದಲೇ ಮಾತಾಯಿತು. ಇಂಥ ಮಿತಿಗಳನ್ನು ರೋಗಿ ಮಲಗಿರುವಾಗಲೇ ಗೊತ್ತುಮಾಡಿಕೊಳ್ಳಬೇಕು. ಕೂತ ಮೇಲೆ ಚರ್ಚೆಗೆ ಕೂತರೆ ಕೆಟ್ಟಿತು.

ಕೂರಿಸುವುದು ಐದಾರು ನಿಮಿಷದ ಕೆಲಸ. ಅಣಿಗೊಳಿಸುವುದಕ್ಕೆ ಅರ್ಧ ಗಂಟೆ ಬೇಕು, ಯಡವಟ್ಟುಗಳ ಬೇರು ಇರುವುದೂ ಅಲ್ಲಿಯೇ. ಮೊದಲು ಸಕ್ಷನ್, ಅಂದರೆ ಕೊಳವೆಯಿಂದ ಕಫ ಹೀರುವುದು, ಒಂದು ಸಲಕ್ಕೆ 15 ಸೆಕೆಂಡ್ ಮೀರದಂತೆ. ವೆಂಟಿಲೇಟರ್ ಕೊಳವೆಯಲ್ಲಿ ನಿಂತ ನೀರನ್ನು ಚೆಲ್ಲಬೇಕು, ಇಲ್ಲದಿದ್ದರೆ ಮೈ ಹೊರಳಿಸಿದಾಗ ನೇರ ಶ್ವಾಸನಾಳಕ್ಕೆ ಇಳಿಯುತ್ತದೆ. ಗಂಟಲ ಕೊಳವೆಯ ಸುತ್ತ ಗಾಳಿ ತುಂಬಿದ ಬಲೂನು, ಅಂದರೆ ಕಫ್‌ನ ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನಷ್ಟಿರಬೇಕು, 26 ಇತ್ತು. ಮೂತ್ರದ ಚೀಲವನ್ನು ಇಳಿಯುವ ಬದಿಗೆ ತಂದು ಕೆಳಗೇ ತೂಗುಹಾಕಬೇಕು. ಯಾವ ಬದಿ? ವೆಂಟಿಲೇಟರ್ ಇರುವ ಬದಿ, ಯಾಕೆಂದರೆ ಸಡಿಲ ಕಡಿಮೆ ಇರುವುದು ಅದರ ಕೊಳವೆಗೇ. ಮಂಚದ ಬ್ರೇಕ್. ಏರ್‌ಬೆಡ್‌ಗೆ ಪೂರ್ತಿ ಗಾಳಿ. ಇದನ್ನು ಮರೆಯುವವರೇ ಹೆಚ್ಚು: ಮೆತ್ತಗಿನ ಅಂಚು ಕುಸಿದು ರೋಗಿ ಮುಂದಕ್ಕೆ ಜಾರುತ್ತಾರೆ, ತಪ್ಪು ಕಾಲಿನ ಬಲದ ಮೇಲೆ ಬೀಳುತ್ತದೆ.

ನಾಲ್ಕು ಜನ ಬೇಕು. ಒಬ್ಬರ ಕೈ ಟ್ರೇಕಿಯಾಸ್ಟಮಿ ಕೊಳವೆಯ ಮೇಲೆ, ಮಲಗಿಸುವ ತನಕ ಅದು ಬೇರೆ ಏನನ್ನೂ ಮುಟ್ಟಕೂಡದು. ಒಬ್ಬರು ಎದುರು ಸ್ಟೂಲಿನಲ್ಲಿ ಕೂತು ತಮ್ಮ ಮೊಣಕಾಲಿನಿಂದ ರೋಗಿಯ ಮೊಣಕಾಲಿಗೆ ತಡೆ ಕೊಡುತ್ತಾರೆ. ಒಬ್ಬರು ರಕ್ತನಾಳಕ್ಕೆ ಹಾಕಿದ ಲೈನುಗಳನ್ನೂ ಮಾನಿಟರನ್ನೂ ನೋಡುತ್ತಾರೆ. ನಾಲ್ಕನೆಯವರು ಮಂಚ ಹತ್ತಿ ಹಿಂದೆ ಮೊಣಕಾಲೂರಿ ಬೆನ್ನಿಗೆ ಆಸರೆಯಾಗುತ್ತಾರೆ. ಈ ರೋಗಿಗಳಲ್ಲಿ ಹಿಂದಿನವರದೇ ದೊಡ್ಡ ಕೆಲಸ. ತಲೆ ನಾಲ್ಕೈದು ಕಿಲೋ ತೂಗುತ್ತದೆ. ಗೋಣು ನಿಲ್ಲದಿದ್ದರೆ ಅಷ್ಟೂ ಭಾರ ಒಮ್ಮೆಗೇ ವಾಲುತ್ತದೆ. ಕೊಳವೆ ಇರುವುದರಿಂದ ಕಾಲರ್ ಹಾಕುವಂತಿಲ್ಲ, ಅಂಗೈಯೇ ಕಾಲರ್.

ತಲೆಭಾಗ 45 ಡಿಗ್ರಿಗೆ ಎತ್ತಿ ಹತ್ತು ನಿಮಿಷ ಬಿಟ್ಟೆವು. "ಅಣ್ಣಾರ, ಕುಂದ್ರಸ್ತೀವಿ. ಸಾಕಾತು ಅಂದ್ರ ಬೆರಳ ಎತ್ರಿ." ಹತ್ತೂ ನಲವತ್ತಕ್ಕೆ ಒಂದು, ಎರಡು, ಮೂರು ಎಂದು ಎಣಿಸಿ ಮೊದಲು ಕಾಲುಗಳನ್ನು ಮಂಚದಿಂದ ಇಳಿಬಿಟ್ಟೆವು. ಇಳಿಯುವ ಕಾಲಿನ ಭಾರವೇ ಮೈಯನ್ನು ಮೇಲೆತ್ತಲು ಅರ್ಧ ನೆರವಾಗುತ್ತದೆ. ತೋಳು ಹಿಡಿದು ಎಳೆದರೆ ಸೋತ ಭುಜದ ಕೀಲೇ ಸಡಿಲಾದೀತು. ಕೆಮ್ಮು ಬಂತು. ಕೊಳವೆ ಒಳಗೆ ತುಸು ಅಲುಗಿದರೂ ಬರುತ್ತದೆ. ಹತ್ತು ಹದಿನೈದು ಸೆಕೆಂಡ್ ಕಾದರೆ ತಾನೇ ನಿಲ್ಲುತ್ತದೆ, ನಿಂತಿತು.

ಪಾದ ಎರಡೂ ನೆಲ ಮುಟ್ಟಿದವು. ಮಾನಿಟರ್‌ನಲ್ಲಿ ಬಿಪಿ 116/78, ಮಲಗಿದ್ದಾಗ ಇದ್ದಷ್ಟೇ. ಲೈನ್ ನೋಡುತ್ತಿದ್ದವರು "ಚಲೋ ಐತಿ" ಎಂದರು. ಆದರೆ ತುಟಿಯ ಬಣ್ಣ ಹೋಗುತ್ತಿತ್ತು. ಹೆಸರು ಹಿಡಿದು ಕರೆದರೆ ಕಣ್ಣು ನಿಧಾನಕ್ಕೆ ತಿರುಗಿತು. ಬೆವರಿಲ್ಲ, ಅಟ್ರೋಪಿನ್ ಇರುವಾಗ ಬೆವರು ಬರುವುದಿಲ್ಲ, ಅದಿಲ್ಲವೆಂದು ಧೈರ್ಯ ತಾಳುವಂತಿಲ್ಲ. ನಾಡಿಯೂ ಮೊದಲೇ ಓಡುತ್ತಿದ್ದುದರಿಂದ ಅದರ ಏರಿಕೆಯೂ ಸುಳಿವು ಕೊಡಲಿಲ್ಲ.

ತಪ್ಪು ಇದ್ದದ್ದು ಸ್ಟ್ಯಾಂಡಿನಲ್ಲಿ. ಮಣಿಕಟ್ಟಿನ ಅಪಧಮನಿಗೆ ಹಾಕಿದ ಆರ್ಟೀರಿಯಲ್ ಲೈನ್‌ನಿಂದ ಬಿಪಿ ಅಳೆಯುವ ಸಾಧನ, ಟ್ರಾನ್ಸ್‌ಡ್ಯೂಸರ್, ಹೃದಯದ ಮಟ್ಟದಲ್ಲಿರಬೇಕು. ಬೆಳಿಗ್ಗೆ ಮೈ ಒರೆಸಲು ಚಪ್ಪಟೆ ಮಲಗಿಸಿದಾಗ ಯಾರೋ ಅದನ್ನು ಆ ಮಟ್ಟಕ್ಕೆ ಇಳಿಸಿದ್ದರು. ತಲೆಭಾಗ ಎತ್ತಿದಾಗಲೂ ಏರಿಸಲಿಲ್ಲ, ಕೂರಿಸಿದಾಗಲೂ ಏರಿಸಲಿಲ್ಲ. ಹೃದಯ ಒಂದು ಗೇಣಿಗಿಂತ ಹೆಚ್ಚು, ಸುಮಾರು 27 ಸೆಂಟಿಮೀಟರ್ ಮೇಲೆ ಹೋಗಿತ್ತು. ಟ್ರಾನ್ಸ್‌ಡ್ಯೂಸರ್ 10 ಸೆಂಟಿಮೀಟರ್ ಕೆಳಗಿದ್ದರೆ ಬಿಪಿ 7ರಿಂದ 8 ಮಿಲಿಮೀಟರ್ ಹೆಚ್ಚು ತೋರಿಸುತ್ತದೆ, 27ಕ್ಕೆ 20. ಏರಿಸಿದ ಕೂಡಲೇ 96/58 ಎಂದು ಬಂತು. ಅದು ನಿಜವಾದ ಬಿಪಿ. ಈ ತಪ್ಪು ನಮ್ಮೆಲ್ಲರದು. ಅಂದಿನಿಂದ ಅಣಿಗೊಳಿಸುವ ಪಟ್ಟಿಯ ಕಡೆಯ ಸಾಲು ಅದೇ, ಕೂತ ತಕ್ಷಣ ಮತ್ತೊಮ್ಮೆ ನೋಡುವ ಮೊದಲ ಸಾಲೂ ಅದೇ.

ಸರಾಸರಿ ಒತ್ತಡ 71 ಇತ್ತು. 65ಕ್ಕಿಂತ ಕೆಳಗಿಳಿದರೆ, ಇಲ್ಲವೇ ಕರೆದಾಗ ಓಗೊಡದಿದ್ದರೆ ಆ ಕ್ಷಣವೇ ಮಲಗಿಸಬೇಕು. ಎರಡೂ ಇರಲಿಲ್ಲ. "ಪಾದ ಮ್ಯಾಲೆ ಕೆಳಗ ಮಾಡ್ರಿ, ಜೋರಾಗಿ" ಎಂದು ಇಪ್ಪತ್ತು ಸಲ ಮಾಡಿಸಿದೆವು. ಮೀನಖಂಡ ಬಿಗಿದಾಗಲೆಲ್ಲ ಕಾಲಿನಲ್ಲಿ ನಿಂತ ರಕ್ತ ಮೇಲೇರುತ್ತದೆ. ಒಂದು ನಿಮಿಷಕ್ಕೆ 104/62, ತುಟಿಗೆ ಬಣ್ಣ. ಎದುರು ಟೇಬಲ್ ಎಳೆದು ಎರಡು ದಿಂಬಿಟ್ಟು ಅದರ ಮೇಲೆ ತೋಳು ಇರಿಸಿದೆವು. ತೋಳಿಗೆ ಆಸರೆ ಸಿಕ್ಕರೆ ಎದೆಯ ಮೇಲಿನ ಸ್ನಾಯುಗಳು ಉಸಿರಿಗೆ ಒದಗುತ್ತವೆ. ಹಿಂದಿನವರು ಅಂಗೈಯನ್ನು ಒಂದು ಬೆರಳಗಲ ಹಿಂದೆ ಸರಿಸಿದರು. ತಲೆ ತಾನೇ ನಿಂತಿತು. ಮೂರು ಸೆಕೆಂಡ್, ಮತ್ತೆ ನಾಲ್ಕು, ಮತ್ತೆ ಎರಡು.

ಆರನೇ ನಿಮಿಷಕ್ಕೆ ಉಸಿರು 34. ಬೆರಳು ಎದ್ದಿತು. ಇನ್ನೊಂದು ನಿಮಿಷ ಎಂದು ಒತ್ತಾಯಿಸಲಿಲ್ಲ, ಒತ್ತಾಯಿಸಬಾರದು. ಬೇಗ ಎಬ್ಬಿಸಿದಷ್ಟೂ ಒಳ್ಳೆಯದೆಂಬ ಹುರುಪು ಬಹಳ ಕಡೆ ಇತ್ತು, ಅದಕ್ಕೆ ಆಧಾರವೂ ಇತ್ತು: 2009ರ ಅಮೆರಿಕದ ಅಧ್ಯಯನದಲ್ಲಿ 104 ರೋಗಿಗಳ ಪೈಕಿ ಬೇಗ ವ್ಯಾಯಾಮ ಸಿಕ್ಕ ಗುಂಪಿನ 59%, ಇನ್ನೊಂದು ಗುಂಪಿನ 35% ಜನ ಮನೆಗೆ ಹೋಗುವಾಗ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಿದ್ದರು. ಆದರೆ 2022ರಲ್ಲಿ ಬಂದ ಟೀಮ್ (TEAM) ಎಂಬ ಹೆಸರಿನ ಅಧ್ಯಯನದ 750 ರೋಗಿಗಳಲ್ಲಿ, ವಾಡಿಕೆಗಿಂತ ಹೆಚ್ಚು ಹೊತ್ತು ಎಬ್ಬಿಸಿದವರಿಗೆ ಹೆಚ್ಚಿನ ಲಾಭ ಆಗಲಿಲ್ಲ, ಹೃದಯದ ಲಯ ತಪ್ಪುವುದು, ಬಿಪಿ ಏರಿಳಿಯುವಂಥ ತೊಂದರೆಗಳು ಹೆಚ್ಚಿದವು. ಎರಡನ್ನೂ ಒಟ್ಟಿಗೆ ಓದಿದರೆ ನನಗೆ ತೋಚುವುದು ಇಷ್ಟು: ಮದ್ದು ಸರಿಯಾದದ್ದೇ, ಪ್ರಮಾಣವನ್ನು ರೋಗಿಯ ಮೈ ಹೇಳಬೇಕು. ಗಡಿಯಾರಕ್ಕಾಗಿ ಕೂರಿಸಬಾರದು.

ಮಲಗಿಸಿ ಕಫ್, ಲೈನುಗಳು, ಮೂಗಿನಿಂದ ಹೊಟ್ಟೆಗೆ ಹೋಗುವ ರೈಲ್ಸ್ ಟ್ಯೂಬ್‌ನ ಗುರುತು ನೋಡಿ, ಟ್ರಾನ್ಸ್‌ಡ್ಯೂಸರನ್ನು ಮತ್ತೆ ಮಟ್ಟಕ್ಕೆ ತಂದು ಚಾರ್ಟಿನಲ್ಲಿ ಬರೆದೆವು: ಚಲನೆಯ ಅಳತೆ ಹತ್ತಕ್ಕೆ ಮೂರು, ಮಂಚದ ಅಂಚಿನಲ್ಲಿ, ಆರು ನಿಮಿಷ.

ಮಧ್ಯಾಹ್ನದ ಭೇಟಿಗೆ ಅವರ ತಾಯಿ ಬಂದರು. "ಮೊದಲ ಸೋತ್ ಬಿಟ್ಟಾನ, ಮಲ್ಕೊಳ್ಳಿ ಬಿಡ್ರೆಪಾ, ಯಾಕ ಎಬ್ಬಸ್ತೀರಿ" ಎಂದು ಕೇಳಿದರು. ಎಲ್ಲ ತಾಯಂದಿರೂ ಕೇಳುತ್ತಾರೆ, ನ್ಯಾಯವಾದ ಪ್ರಶ್ನೆ. ಮಾತಿನ ಬದಲು ಮಗನ ತೊಡೆ ಮುಟ್ಟಿ ನೋಡಿ ಎಂದೆವು. ಆಮೇಲೆ ಅವರ ಕೈಯನ್ನೇ ಹಿಡಿದು ಕಲಿಸಿದೆವು: ಹಿಮ್ಮಡಿಯನ್ನು ಅಂಗೈಯಲ್ಲಿ ತುಂಬಿಕೊಂಡು ಪಾದದ ಮುಂಭಾಗವನ್ನು ಮುಂಗೈಯಿಂದ ಮೇಲಕ್ಕೆ ಒತ್ತಿ ಮೂವತ್ತು ಎಣಿಸುವುದು, ಒಂದೊಂದು ಕಾಲಿಗೆ ಐದು ಸಲ; ಮುಷ್ಟಿ ಕಟ್ಟಿಸಿ ಬಿಡಿಸುವುದು ಹತ್ತು ಸಲ. ಎತ್ತುವುದು, ಹೊರಳಿಸುವುದು ಬೇಡ, ಅದು ನಮ್ಮ ಕೆಲಸ. ಹತ್ತು ನಿಮಿಷದ ಭೇಟಿಯಲ್ಲಿ ಅಳುತ್ತಾ ನಿಲ್ಲುತ್ತಿದ್ದವರಿಗೆ ಕೈಗೊಂದು ಕೆಲಸ ಸಿಕ್ಕಿತು.

ಹದಿಮೂರನೇ ದಿನ ನಿಂತರು. ಹದಿನಾರಕ್ಕೆ ವೆಂಟಿಲೇಟರ್ ಬಿಟ್ಟಿತು. ವಾರ್ಡಿಗೆ ಕಳಿಸುವಾಗ ಪಾದದ ಆ 4ರ ವಿಷಯ ತಾಯಿಗೆ ಹೇಳಿದೆವು. ಈ ಜಾತಿಯ ಕೆಲವು ವಿಷಗಳಲ್ಲಿ ಎಲ್ಲ ಸರಿಹೋಯಿತೆನ್ನುವಾಗ, ಎರಡು ಮೂರು ವಾರಗಳ ಮೇಲೆ, ಮೀನಖಂಡ ಸೆಳೆದು ಪಾದ ಜೋಲುವುದುಂಟು. ಮೊದಲ ಅಳತೆ ಬರೆದಿಡದಿದ್ದರೆ ಇಳಿದದ್ದು ಯಾರಿಗೂ ಗೊತ್ತಾಗುವುದಿಲ್ಲ. ಮನೆಗೆ ಹೋದ ಮೇಲೆ ವಾರಕ್ಕೊಮ್ಮೆ ಗೋಡೆ ಹಿಡಿಸಿ ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆಸಿ ನೋಡಿ, ಬೆರಳು ನೆಲಕ್ಕೆ ತಾಗಿದರೆ ಅಥವಾ ಚಪ್ಪಲಿ ಕಾಲಿಂದ ತಾನೇ ಕಳಚಿದರೆ ಅದೇ ದಿನ ಬನ್ನಿ ಎಂದು ಹೇಳಿ, ಡಿಸ್ಚಾರ್ಜ್ ಚೀಟಿಯ ಹಿಂದೆಯೂ ಬರೆದುಕೊಟ್ಟೆವು.