ಎಂ87 ನೋಡಲು ಬೆಂಗಳೂರಿನಲ್ಲಿ ಯಾವ ರಾತ್ರಿ ಸರಿ? ಎಡಿನ್‌ಬರೋದಿಂದ ಒಂದು ಲೆಕ್ಕ

ಸ್ಕಾಟ್ಲೆಂಡಿನ ಕಗ್ಗತ್ತಲ ಆಕಾಶದ ಫೋಟೋ ನೋಡಿ ಊರಿನವರು ಹೊಟ್ಟೆ ಉರಿದುಕೊಳ್ಳುವುದುಂಟು. ಎಂ87 ಗ್ಯಾಲಕ್ಸಿಯ ಮಟ್ಟಿಗೆ ಹೊಟ್ಟೆ ಉರಿಯಬೇಕಾದ್ದು ಇಲ್ಲಿನವರಿಗೆ. 2019ರ ಏಪ್ರಿಲ್‌ನಲ್ಲಿ ಕಪ್ಪುಕುಳಿಯ ಮೊದಲ ಚಿತ್ರ ಬಂತಲ್ಲ, ಅದೇ ಗ್ಯಾಲಕ್ಸಿ. ದೂರ ಸುಮಾರು 5.4 ಕೋಟಿ ಜ್ಯೋತಿರ್ವರ್ಷ. ಎಡಿನ್‌ಬರೋದಲ್ಲಿ ಅದು ಎಷ್ಟು ಏರಿದರೂ 46 ಡಿಗ್ರಿ. ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ, ಎಂ87 ಇರುವುದು ಖಗೋಳ ಮಧ್ಯರೇಖೆಯಿಂದ, ಅಂದರೆ ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಎಳೆದ ಗೆರೆಯಿಂದ, 12.4 ಡಿಗ್ರಿ ಉತ್ತರಕ್ಕೆ. ಹಾಗಾಗಿ ನಿಮಗೆ ಅದು ನೆತ್ತಿಯ ಮೇಲೇ ಹಾದುಹೋಗುತ್ತದೆ. ಮೇಲಾಗಿ ಇಲ್ಲಿ ಮೇ ಮೊದಲ ವಾರದಿಂದ ಮೂರು ತಿಂಗಳು ಪೂರ್ತಿ ಕತ್ತಲಾಗುವುದೇ ಇಲ್ಲ. ಬೆಂಗಳೂರಿನಲ್ಲಿ ವರ್ಷವಿಡೀ ಸೂರ್ಯ ಮುಳುಗಿ ಒಂದೂಕಾಲು ಗಂಟೆಯ ಆಸುಪಾಸಿನಲ್ಲಿ ಕತ್ತಲು.

ಮೊದಲು ಗಡಿಯಾರದ ಲೆಕ್ಕ. ಏಪ್ರಿಲ್ 5ರ ಸುಮಾರಿಗೆ ಎಂ87 ನಡುರಾತ್ರಿ ನೆತ್ತಿಗೆ ಬರುತ್ತದೆ. ದಿನಕ್ಕೆ 4 ನಿಮಿಷ ಬೇಗ, ಅಂದರೆ ಹದಿನೈದು ದಿನಕ್ಕೆ ಒಂದು ಗಂಟೆ: ಏಪ್ರಿಲ್ 20ಕ್ಕೆ ಹನ್ನೊಂದು, ಮೇ 5ಕ್ಕೆ ಹತ್ತು. ವಿದೇಶದ ಕೋಷ್ಟಕ ಹಿಡಿದು ಕೈಯಲ್ಲೇ ಲೆಕ್ಕ ಹಾಕುವವರು ಒಂದು ಕಡೆ ಎಡವುತ್ತಾರೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಬೆಂಗಳೂರು ಇರುವುದು 77.6ರಲ್ಲಿ. ಆದ್ದರಿಂದ ಎಲ್ಲವೂ 20 ನಿಮಿಷ ತಡ. (ಮೇಲೆ ಕೊಟ್ಟ ಹೊತ್ತಿನಲ್ಲಿ ಇದು ಸೇರಿಯೇ ಇದೆ.) ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ತಂತ್ರಾಂಶದಲ್ಲಿ ಊರು ಸರಿಯಾಗಿ ಕೊಟ್ಟರೆ ಈ ತಲೆನೋವಿಲ್ಲ.

ಚಂದ್ರನಿಗೆ ಮನೆಯ ಗೋಡೆಯ ಕ್ಯಾಲೆಂಡರ್ ಸಾಕು. ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ನೋಡುವುದಾದರೆ ಕೃಷ್ಣ ಸಪ್ತಮಿಯಿಂದ ಶುಕ್ಲ ತದಿಗೆಯವರೆಗಿನ ದಿನಗಳು ಒಳ್ಳೆಯವು. ಎಂ87ಗೆ ಎರಡು ಅಮಾವಾಸ್ಯೆ ಪೈಪೋಟಿಗೆ ಬರುತ್ತವೆ. ಯುಗಾದಿಯ ಹಿಂದಿನ ಅಮಾವಾಸ್ಯೆಗೆ ಆಕಾಶ ಶುಭ್ರ, ಆದರೆ ಗ್ಯಾಲಕ್ಸಿ ನೆತ್ತಿಗೆ ಬರಲು ನಡುರಾತ್ರಿಯ ಹೊತ್ತಾಗುತ್ತದೆ. ಮುಂದಿನ ಅಮಾವಾಸ್ಯೆಗೆ ಹೊತ್ತು ಅನುಕೂಲ, ಮೋಡ ಕಾಟ. ಯುಗಾದಿಯದ್ದನ್ನೇ ಹಿಡಿಯಿರಿ, ನೆತ್ತಿಗೆ ಬರುವವರೆಗೆ ಕಾಯಬೇಕಿಲ್ಲ, ಪೂರ್ವದಲ್ಲಿ 50 ಡಿಗ್ರಿ ದಾಟಿದರೆ ಸಾಕು. ಎರಡನೆಯದೇ ಗತಿಯಾದರೆ ಸಂಜೆಯ ಗುಡುಗುಮಳೆಗೆ ಹೆದರಿ ಯೋಜನೆ ಕೈಬಿಡಬೇಡಿ. ಮಳೆ ಧೂಳನ್ನು ತೊಳೆದುಹಾಕುತ್ತದೆ, ಮೋಡ ಒಡೆದರೆ ಅಂಥ ರಾತ್ರಿ ಸಿಗುವುದು ಅಪರೂಪ. ಸಂಜೆಯಿಂದ ಹವಾಮಾನ ಇಲಾಖೆಯ ಉಪಗ್ರಹ ಚಿತ್ರ ನೋಡುತ್ತಿರಿ. ರಾತ್ರಿ ನೋಡಬೇಕಾದ್ದು ಇನ್‌ಫ್ರಾರೆಡ್ ಚಿತ್ರ. ಮಾಮೂಲಿ ಚಿತ್ರದಲ್ಲಿ ಆಗ ಏನೂ ಕಾಣದು.

ಇನ್ನು ಎಂಟು ಇಂಚಿನ ಡಾಬ್ಸೋನಿಯನ್ (ತಿರುಗುವ ಪೀಠದ ಮೇಲೆ ಕೂರಿಸಿ ಕೈಯಲ್ಲೇ ತಿರುಗಿಸುವ ಕನ್ನಡಿ ದೂರದರ್ಶಕ) ಇರುವವರಿಗೆ. ಸರಿಯಾಗಿ ನೆತ್ತಿಗೆ ಬಂದಾಗ ನೋಡಲು ಹೋಗಬೇಡಿ. ಕೊಳವೆ ನೆಟ್ಟಗೆ ನಿಂತಾಗ, ಗ್ಯಾಲಕ್ಸಿ ಕೂದಲೆಳೆಯಷ್ಟು ಸರಿದರೂ ಅದನ್ನು ಹಿಂಬಾಲಿಸಲು ಇಡೀ ಪೀಠವನ್ನೇ ಗಿರ್ರನೆ ತಿರುಗಿಸಬೇಕಾಗುತ್ತದೆ. ಕೈ ಮುಟ್ಟಿದ್ದೇ ತಡ, ಗ್ಯಾಲಕ್ಸಿ ಮಾಯ. ಒಂದು ಗಂಟೆ ಮುಂಚೆ ಅಥವಾ ಆಮೇಲೆ ಅದು 75 ಡಿಗ್ರಿಯಲ್ಲಿರುತ್ತದೆ. ನೋಟಕ್ಕೆ ಅಡ್ಡ ಬರುವ ವಾತಾವರಣದ ದಪ್ಪ ನೆತ್ತಿಗಿಂತ ಶೇ. 4ರಷ್ಟೂ ಹೆಚ್ಚಿಲ್ಲ, ಪೀಠವೂ ಮಾತು ಕೇಳುತ್ತದೆ. ಕನ್ನಡಿ ಹೊರಗಿನ ತಂಪಿಗೆ ಹೊಂದಿಕೊಳ್ಳಲು ಮುಕ್ಕಾಲು ಗಂಟೆ ಮೊದಲೇ ದೂರದರ್ಶಕವನ್ನು ಹೊರಗಿಡಿ. ಕಣ್ಣಿಗೆ ಅರ್ಧ ಗಂಟೆ ಕತ್ತಲು ಬೇಕು. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಎರಡು ಪದರ. ಮೊಬೈಲು ಜೇಬಿನಲ್ಲೇ ಇರಲಿ.

ಸಿಂಹದ ಬಾಲದ ಉತ್ತರಾ ನಕ್ಷತ್ರಕ್ಕೂ ಕನ್ಯೆಯ ವಿಂಡೆಮಿಯಾಟ್ರಿಕ್ಸ್‌ಗೂ ಗೆರೆ ಎಳೆದು, ನಡುಮಧ್ಯಕ್ಕೆ 25 ಮಿ.ಮೀ. ಐಪೀಸ್ ಹಾಕಿ ಗುರಿಯಿಡಿ. ಅಲ್ಲಿ ಎಂ84, ಎಂ86 ಎಂಬ ಎರಡು ಗ್ಯಾಲಕ್ಸಿಗಳು ಜೋಡಿಯಾಗಿ ಕಾಣುತ್ತವೆ. ಅಲ್ಲಿಂದ ಒಂದೂಕಾಲು ಡಿಗ್ರಿ ಪೂರ್ವಕ್ಕೆ, ತುಸು ದಕ್ಷಿಣಕ್ಕೆ ಸರಿದರೆ ಎಂ87: ಉಸಿರು ತಾಗಿದ ಗಾಜಿನ ಮೇಲಿನ ಮಸುಕಿನಂತೆ, ನಡುವೆ ಕೊಂಚ ಬೆಳಕು. ಓರೆನೋಟದಲ್ಲಿ, ಅಂದರೆ ನೇರ ದಿಟ್ಟಿಸದೆ ತುಸು ಪಕ್ಕಕ್ಕೆ ನೋಡಿದರೆ, ಇನ್ನೂ ದೊಡ್ಡದಾಗಿ ಕಾಣುತ್ತದೆ. ಬಣ್ಣ, ಸುರುಳಿ ಹುಡುಕಬೇಡಿ. ಇದು ದುಂಡನೆಯ ಗ್ಯಾಲಕ್ಸಿ, ಸುರುಳಿ ಇಲ್ಲವೇ ಇಲ್ಲ.

ಅದೇ ರಾತ್ರಿ, ಎಂ87 ನೆತ್ತಿ ದಾಟಿ ಸುಮಾರು 55 ನಿಮಿಷಕ್ಕೆ ದಕ್ಷಿಣದಲ್ಲಿ ಸೆಂಟಾರಸ್ ಎ ಎಂಬ ಇನ್ನೊಂದು ಗ್ಯಾಲಕ್ಸಿ 34 ಡಿಗ್ರಿ ಎತ್ತರಕ್ಕೆ ಬರುತ್ತದೆ. ಸ್ಕಾಟ್ಲೆಂಡಿನಲ್ಲಿ ಅದು ಹುಟ್ಟುವುದೇ ಇಲ್ಲ. ಎಂ87 ಒಂದೇ ಆದರೆ ಊರಿನ ಯಾವ ದಿಕ್ಕಿಗೆ ಹೋದರೂ ನಡೆದೀತು. ಇದೂ ಬೇಕಾದರೆ ಕನಕಪುರದ ಕಡೆಗೇ ಹೋಗಿ, ನಗರದ ಬೆಳಕು ಬೆನ್ನಿಗಿರುತ್ತದೆ. ತುಮಕೂರು, ದೊಡ್ಡಬಳ್ಳಾಪುರದ ಕಡೆಯಿಂದ ನೋಡಿದರೆ ಬೆಂಗಳೂರಿನ ಅಷ್ಟೂ ದೀಪದ ಮಬ್ಬು ಅದರ ಕೆಳಗೇ ಬಂದು ಕೂರುತ್ತದೆ. ಕನಕಪುರದಾಚೆ ಆನೆ ಓಡಾಡುವ ಜಾಗಗಳಿವೆ. ರಸ್ತೆಬದಿಯಲ್ಲಿ ನಿಲ್ಲಬೇಡಿ, ಗೊತ್ತಿರುವವರ ತೋಟದಲ್ಲಿ, ಹೇಳಿ ಕೇಳಿ ಠಿಕಾಣಿ ಹೂಡಿ.