ಮಡಚಿದ ಕಾಲು

ತಮ್ಮ ಮೂರು ದಿನದಿಂದ ಬಲಗಾಲು ಮಡಚಿಕೊಂಡೇ ಮಲಗುತ್ತಿದ್ದ. ಮಂಡಿ ಕೆಳಗೆ ದಿಂಬು ಇಟ್ಟರೆ ಹಾಯಾಗಿರುತ್ತಿದ್ದ, ತೆಗೆದರೆ ಬೈಯುತ್ತಿದ್ದ. ಶಟಲ್ ಆಡುವಾಗ ಉಳುಕಿರಬೇಕು ಅಂತ ನಾವೇ ತೀರ್ಮಾನ ಮಾಡಿಬಿಟ್ಟೆವು. ಅಜ್ಜಿ ಹರಳೆಣ್ಣೆ ಬಿಸಿ ಮಾಡಿ ಸೊಂಟಕ್ಕೆ ಹಚ್ಚಿದರು. ಜ್ವರ 102 ಇತ್ತು. ಅದಕ್ಕೆ ಬೇರೆ ಲೆಕ್ಕ, ಮಳೆಯಲ್ಲಿ ನೆಂದಿದ್ದನಲ್ಲ. ಜ್ವರ, ಕುಂಟು ಎರಡನ್ನೂ ಸೇರಿಸಿ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ಎಕ್ಸ್‌ರೇ ತೆಗೆದು, ಮೂಳೆ ಸರಿಯಿದೆ ಎಂದು ನೋವಿನ ಮಾತ್ರೆ ಕೊಟ್ಟರು. ಮೂಳೆ ಸರಿಯಾಗೇ ಇತ್ತು, ಪಾಪ.

ನಾಲ್ಕನೇ ದಿನ ಚಳಿಜ್ವರ ಬಂತು. ಬನಶಂಕರಿಯಿಂದ ಜಯನಗರದ ಆಸ್ಪತ್ರೆಗೆ ಆಟೋ ಹತ್ತಿದೆವು. ಅಷ್ಟು ದೂರಕ್ಕೆ ಎಷ್ಟು ಹಂಪ್‌ಗಳಿವೆ ಅಂತ ಅವತ್ತೇ ಗೊತ್ತಾಗಿದ್ದು.

ಅಲ್ಲಿನ ಡಾಕ್ಟರ್ ಕಾಲು ಮಡಚಿಸಿಯೇ ಮೆಲ್ಲಗೆ ಆಚೆ ಈಚೆ ತಿರುಗಿಸಿದರು. ಅಷ್ಟೇನೂ ನೋಯಲಿಲ್ಲ. ಆಮೇಲೆ ಎಡಮಗ್ಗುಲಿಗೆ ಮಲಗಿಸಿ, ಬಲಗಾಲನ್ನು ಹಿಂದಕ್ಕೆ ಎಳೆದರು. ತಮ್ಮ ಕಿರುಚಿದ್ದು ಹೊರಗೆ ಕೂತಿದ್ದ ಅಮ್ಮನಿಗೂ ಕೇಳಿತಂತೆ.

"ಕೀಲಲ್ಲ, ಒಳಗಿನ ಸ್ನಾಯು ಅನ್ಸುತ್ತೆ. ಇತ್ತೀಚೆಗೆ ಎಲ್ಲಾದರೂ ಕುರು ಆಗಿತ್ತಾ?"

ತಮ್ಮ ನನ್ನ ಮುಖ ನೋಡಿದ. ಎರಡು ವಾರದ ಹಿಂದೆ ತೊಡೆ ಮೇಲಿನ ಕುರು ಹಿಂಡಿಕೊಂಡಿದ್ದ.

ಆ ಸ್ನಾಯುವಿನ ಹೆಸರು ಸೋವಾಸ್. ಇಂಗ್ಲಿಷಲ್ಲಿ ಮೊದಲಿಗೊಂದು ಪಿ ಬರೆಯುತ್ತಾರೆ, ಹೇಳುವುದಿಲ್ಲ. ಬೆನ್ನುಮೂಳೆಯಿಂದ ಹೊರಟು, ಹೊಟ್ಟೆಯ ಹಿಂದೆ ಇಳಿದು, ತೊಡೆಮೂಳೆಗೆ ಸೇರುತ್ತದೆ. ಕಾಲು ಮೇಲೆತ್ತುವುದು ಅದರ ಕೆಲಸ. ಅದರಲ್ಲಿ ಕೀವು ತುಂಬಿದರೆ ಕಾಲು ಚಾಚುವುದೇ ಕಷ್ಟ. ಅಷ್ಟು ಆಳದಲ್ಲಿರುವುದರಿಂದ ಹೊರಗೆ ಊತವೂ ಇಲ್ಲ, ಕೆಂಪೂ ಇಲ್ಲ. ನಾವು ದಿಂಬು ಇಟ್ಟೂ ಇಟ್ಟೂ ರೋಗದ ಗುರುತನ್ನೇ ಮುಚ್ಚಿಡುತ್ತಿದ್ದೆವು.

ಆ್ಯಂಟಿಬಯಾಟಿಕ್ ಹಾಕುವ ಮೊದಲೇ ಕಲ್ಚರ್‌ಗೆ, ಅಂದರೆ ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆಗೆ, ರಕ್ತ ತೆಗೆದುಕೊಂಡರು. ಔಷಧಿ ಒಳಗೆ ಹೋದ ಮೇಲೆ ಕ್ರಿಮಿ ಸಿಗದೇ ಹೋಗಬಹುದಂತೆ. ಬಲಗಡೆ ನೋವಾದ್ದರಿಂದ ಅಪೆಂಡಿಕ್ಸ್ ಅನುಮಾನವೂ ಇತ್ತು. ಎಂಆರ್‌ಐಯಲ್ಲಿ ಆರು ಸೆಂಟಿಮೀಟರ್ ಉದ್ದದ ಕೀವಿನ ಗೂಡು ಕಂಡಿತು. ಅಪೆಂಡಿಕ್ಸ್ ಸರಿಯಿತ್ತು.

ದೊಡ್ಡ ಆಪರೇಷನ್ ಏನೂ ಬೇಕಾಗಲಿಲ್ಲ. ಸ್ಕ್ಯಾನ್ ನೋಡಿಕೊಂಡೇ ಸೂಜಿ ಚುಚ್ಚಿ, ತುದಿ ಸುರುಳಿಯಾಗಿರುವ ಸಣ್ಣ ನಳಿಕೆ ಇಟ್ಟರು. ಪಿಗ್‌ಟೇಲ್ ಅಂತಾರೆ, ಹಂದಿಬಾಲ. ತಮ್ಮ ಆ ನೋವಿನಲ್ಲೂ ನಕ್ಕ. ಕೀವನ್ನು ಟಿಬಿ ಪರೀಕ್ಷೆಗೂ ಕಳಿಸಿದರು. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಟಿಬಿಯೂ ಇದೇ ಸ್ನಾಯುವಿನಲ್ಲಿ ಕೀವಾಗಿ ಇಳಿಯುತ್ತದಂತೆ. ಆ ಪರೀಕ್ಷೆಯ ರಿಪೋರ್ಟ್ ಬರುವ ತನಕ ಅಮ್ಮ ಊಟ ಮಾಡಲಿಲ್ಲ. ಟಿಬಿ ಇರಲಿಲ್ಲ. ಕಲ್ಚರ್‌ನಲ್ಲಿ ಬೆಳೆದದ್ದು ಸ್ಟ್ಯಾಫಿಲೊಕಾಕಸ್ ಆರಿಯಸ್, ಎಷ್ಟೋ ಜನರ ಮೂಗಲ್ಲಿ, ಚರ್ಮದ ಮೇಲೆ ಸುಮ್ನೆ ಇರುವ ಕ್ರಿಮಿ. ಹಿಂಡಿದ ಕುರುವಿನಿಂದ ರಕ್ತಕ್ಕಿಳಿದು ಅಲ್ಲಿಗೆ ಸೇರಿರಬೇಕು. ಮೊದಲು ವ್ಯಾಂಕೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಕೊಡುತ್ತಿದ್ದರು. ರಿಪೋರ್ಟ್ ನೋಡಿ ಅದನ್ನು ನಿಲ್ಲಿಸಿ ಸೆಫಜೋಲಿನ್‌ಗೆ ಬದಲಾಯಿಸಿದರು, ಎಂಟು ಗಂಟೆಗೊಮ್ಮೆ. ಆಮೇಲೆ ಮನೆಯಲ್ಲಿ ಮಾತ್ರೆ. ಒಟ್ಟು ಆರು ವಾರ.

ನಳಿಕೆ ಹಾಕಿದ ಎರಡನೇ ರಾತ್ರಿ ನಾನು ವಾರ್ಡ್‌ನಲ್ಲಿದ್ದೆ. ಜ್ವರ ಬಿಟ್ಟಿತ್ತು. ಎರಡು ಗಂಟೆ ಹೊತ್ತಿಗೆ ನೋಡಿದರೆ ದಿಂಬು ಕೆಳಗೆ ಬಿದ್ದಿತ್ತು. ತಮ್ಮ ಎರಡೂ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದ. ಆಸ್ಪತ್ರೆಯ ಹೊದಿಕೆ ಅವನಿಗೆ ಗಿಡ್ಡವಾಗಿತ್ತು.